ಐವತ್ತೊಂದು ವರ್ಷದ ಸೆನೆಟರ್ ಮತ್ತು ಒಂದು ಹಳೆಯ ಪತ್ರ

ಅಮೆರಿಕದ ಸೆನೆಟ್‌ನಲ್ಲಿ 1959ರ ಜನವರಿಯಿಂದ 2010ರ ಜೂನ್ ತಿಂಗಳವರೆಗೆ, ಎಂದರೆ ಕೊನೆಯುಸಿರಿನವರೆಗೂ, ಒಂದೇ ರಾಜ್ಯವನ್ನು ಪ್ರತಿನಿಧಿಸಿದ ಸದಸ್ಯರೊಬ್ಬರ ಬದುಕನ್ನು ಈ ಬರಹ ಒಂದು ಪ್ರಕರಣವಾಗಿ ಎತ್ತಿಕೊಳ್ಳುತ್ತದೆ. ಪ್ರಕರಣ ಅಧ್ಯಯನದ ರೂಢಿಯಂತೆ ಅವರ ಹೆಸರನ್ನು ಬಿಟ್ಟು ‘ಸೆನೆಟರ್’ ಎಂದಷ್ಟೇ ಕರೆದಿದ್ದೇನೆ. ರಾಜ್ಯ, ಇಸವಿ, ಮತಗಳ ಲೆಕ್ಕ ಇವನ್ನೂ ಮರೆಮಾಡಿದರೆ ಪ್ರಕರಣದಲ್ಲಿ ಉಳಿಯುವುದೇನೂ ಇಲ್ಲವಾದ್ದರಿಂದ ಅವು ಇದ್ದಂತೆಯೇ ಇವೆ. ಅಮೆರಿಕದ ರಾಜಕೀಯವನ್ನು ಬಲ್ಲವರು ನಾಲ್ಕು ಪ್ಯಾರಾ ಓದುವಷ್ಟರಲ್ಲಿ ವ್ಯಕ್ತಿಯನ್ನು ಗುರುತಿಸಿಬಿಡುತ್ತಾರೆ, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ಕೆಲವರು ಕೈಮುಗಿಯುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಆಮೇಲೆ ಅವರು ಯಾವ ಹೊತ್ತಿನಲ್ಲಿ ಏನನ್ನು ಆರಿಸಿಕೊಂಡರು ಎಂದು ನೋಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಯೌವನದಲ್ಲಿ ಜನಾಂಗದ್ವೇಷದ ಸಂಘಟನೆಯೊಂದರ ಸ್ಥಳೀಯ ಮುಂದಾಳಾಗಿದ್ದ ಮನುಷ್ಯ, ಆ ಸಂಗತಿ 1952ರಲ್ಲೇ ಬಯಲಾದ ಮೇಲೂ ಐವತ್ತೆಂಟು ವರ್ಷ ಚುನಾಯಿತ ಹುದ್ದೆಯಲ್ಲಿ ಉಳಿದದ್ದು ಹೇಗೆ, ಉಳಿಯುವುದಕ್ಕಾಗಿ ಏನೇನು ಮಾಡಿದರು, ಅದರಲ್ಲಿ ಯಾವುದು ಫಲ ಕೊಟ್ಟಿತು ಎಂಬುದು ಇಲ್ಲಿನ ವಿಚಾರ.

ಹಿನ್ನೆಲೆ

ಸೆನೆಟರ್ 1917ರ ನವೆಂಬರ್‌ನಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದರು. ಮರುವರ್ಷದ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ತಾಯಿ ತೀರಿಕೊಂಡಾಗ ಅವರು ಸುಮಾರು ಒಂದು ವರ್ಷದ ಕೂಸು. ಸೋದರತ್ತೆ ಮತ್ತು ಅವರ ಗಂಡ ಮಗುವನ್ನು ಸಾಕಿಕೊಂಡು, ಹೊಸ ಹೆಸರಿಟ್ಟು, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಗೆ ಕರೆದೊಯ್ದರು. ಸಾಕುತಂದೆ ಗಣಿ ಕಾರ್ಮಿಕ. ಆ ಕಾಲದ ಗಣಿ ಊರುಗಳಲ್ಲಿ ಮನೆ ಕಂಪನಿಯದು, ಅಂಗಡಿ ಕಂಪನಿಯದು, ಅನೇಕ ಕಡೆ ಕೂಲಿಯೂ ಆ ಅಂಗಡಿಯಲ್ಲಷ್ಟೇ ನಡೆಯುವ ಚೀಟಿಯ ರೂಪದಲ್ಲಿ ಸಿಗುತ್ತಿತ್ತು. ಹುಡುಗ 1934ರಲ್ಲಿ ತರಗತಿಗೇ ಮೊದಲಿಗನಾಗಿ ಹೈಸ್ಕೂಲು ಮುಗಿಸಿದ. ಕಾಲೇಜಿಗೆ ದುಡ್ಡಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ದುಡಿದ, ದಿನಸಿ ಅಂಗಡಿಯಲ್ಲಿ ಮಾಂಸ ಕತ್ತರಿಸುವುದನ್ನು ಕಲಿತ, ಎರಡನೇ ಮಹಾಯುದ್ಧದ ವೇಳೆ ಹಡಗು ಕಟ್ಟುವ ಕಡೆ ವೆಲ್ಡರ್ ಆದ. ಗಣಿ ಕಾರ್ಮಿಕರೊಬ್ಬರ ಮಗಳನ್ನು 1937ರಲ್ಲಿ ಮದುವೆಯಾದ. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದ, ಚರ್ಚಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದ.

1940ರ ದಶಕದ ಆರಂಭದಲ್ಲಿ ಈ ಯುವಕ ಕಪ್ಪು ಜನರನ್ನು ಹಿಂಸೆಯಿಂದ ಬೆದರಿಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್ ಸೇರಿದ. ಸೇರಿದ್ದಷ್ಟೇ ಅಲ್ಲ, ಪರಿಚಯದವರನ್ನೂ ಗೆಳೆಯರನ್ನೂ ಕೂಡಿಸಿ ಸುಮಾರು 150 ಜನರ ಸ್ಥಳೀಯ ಘಟಕ ಕಟ್ಟಿ ಅದರ ಮುಖ್ಯಸ್ಥನೂ ಆದ. ಅವರೇ ಮುಂದೆ ಹೇಳಿಕೊಂಡ ಪ್ರಕಾರ, ಘಟಕವನ್ನು ನೋಡಲು ಬಂದ ಕ್ಲಾನಿನ ದೊಡ್ಡ ಸಂಘಟಕನೊಬ್ಬ ‘ನಿನ್ನಂಥವರು ಈ ದೇಶದಲ್ಲಿ ಮುಂದಾಳುಗಳಾಗಬೇಕು’ ಎಂಬರ್ಥದ ಮಾತಾಡಿದಾಗ ಅವರ ತಲೆಯೊಳಗೆ ದೀಪ ಹೊತ್ತಿದಂತಾಯಿತು. ಅಲ್ಲಿಯವರೆಗೆ ಯಾವ ದೊಡ್ಡ ಮನುಷ್ಯನೂ ಅವರಲ್ಲಿ ಅಂಥದ್ದೊಂದು ಶಕ್ತಿಯಿದೆ ಎಂದು ಹೇಳಿರಲಿಲ್ಲ. ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ಇದು ಬಹಳ ಮುಖ್ಯವಾದ ವಿವರವೆಂದು ನನಗೆ ತೋರುತ್ತದೆ. ದ್ವೇಷವನ್ನು ಅವರು ಸುತ್ತಲಿನ ಗಾಳಿಯಿಂದಲೇ ಉಸಿರಾಡಿದ್ದರು. ಅವರನ್ನು ಕ್ಲಾನಿಗೆ ಗಂಟುಹಾಕಿದ್ದು ಮಾತ್ರ ಮಹತ್ವಾಕಾಂಕ್ಷೆ. ಮುಂದೆ ಅದೇ ಮಹತ್ವಾಕಾಂಕ್ಷೆಯೇ ಅವರನ್ನು ಅಲ್ಲಿಂದ ಬಿಡಿಸಿತು ಎನ್ನುವುದನ್ನೂ ನೋಡಲಿದ್ದೇವೆ.

ಸೆನೆಟಿನ ಬಗ್ಗೆ ಎರಡು ಮಾತು. ನಮ್ಮ ರಾಜ್ಯಸಭೆಯ ಸದಸ್ಯರಂತೆ ಅಲ್ಲಿಯೂ ಅವಧಿ ಆರು ವರ್ಷ. ಆದರೆ ರಾಜ್ಯಸಭೆಗೆ ಶಾಸಕರು ಆರಿಸಿ ಕಳಿಸುತ್ತಾರೆ, ಸೆನೆಟಿಗೆ 1913ರ ಸಂವಿಧಾನ ತಿದ್ದುಪಡಿಯ ನಂತರ ಇಡೀ ರಾಜ್ಯದ ಮತದಾರರು ನೇರವಾಗಿ ಆರಿಸುತ್ತಾರೆ. ಚಿಕ್ಕದಿರಲಿ, ದೊಡ್ಡದಿರಲಿ, ರಾಜ್ಯಕ್ಕೆ ಇಬ್ಬರೇ. ಹೆಚ್ಚು ವರ್ಷ ಕುಳಿತವರಿಗೆ ಸಮಿತಿಗಳ ಅಧ್ಯಕ್ಷತೆ ಒಲಿಯುವ ಸಂಪ್ರದಾಯವೂ ಇದೆ. ಹೀಗಾಗಿ ಬಡ ರಾಜ್ಯವೊಂದರ ಮತದಾರರು ಒಬ್ಬನನ್ನೇ ಮತ್ತೆ ಮತ್ತೆ ಗೆಲ್ಲಿಸಿದರೆ ಅದರ ಹಿಂದೆ ಅಭಿಮಾನದಷ್ಟೇ ಲೆಕ್ಕಾಚಾರವೂ ಇರುತ್ತದೆ.

ಸಮಸ್ಯೆ ಎದುರಾದದ್ದು

1946ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಅವರು ವೆಸ್ಟ್ ವರ್ಜೀನಿಯಾದ ವಿಧಾನಸಭೆಗೆ ಸ್ಪರ್ಧಿಸಿದರು. ಹೇಳಿಕೊಳ್ಳುವ ಮನೆತನವಿರಲಿಲ್ಲ, ದುಡ್ಡಿರಲಿಲ್ಲ. ಪಿಟೀಲು ಹಿಡಿದು ಊರೂರು ಸುತ್ತಿ, ಮೊದಲು ಒಂದೆರಡು ಹಾಡು ನುಡಿಸಿ, ಜನ ಸೇರಿದ ಮೇಲೆ ಮಾತಾಡಿ ಮತ ಕೇಳಿ ಗೆದ್ದರು. 1950ರಲ್ಲಿ ರಾಜ್ಯದ ಮೇಲ್ಮನೆಗೆ ಹೋದರು. 1952ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ವಾಷಿಂಗ್ಟನ್‌ನ ಪ್ರತಿನಿಧಿ ಸಭೆಗೆ ನಿಂತಾಗ ಎದುರಾಳಿಗಳು ಕ್ಲಾನಿನ ವಿಷಯ ತೆಗೆದರು.

ಆಗ ಅವರು ತೆಗೆದುಕೊಂಡ ನಿರ್ಧಾರವೇ ಈ ಪ್ರಕರಣದ ಮೊದಲ ತಿರುವು. ಅವರು ನಿರಾಕರಿಸಲಿಲ್ಲ. ರೇಡಿಯೊದಲ್ಲಿ ನೇರವಾಗಿ ಮತದಾರರೊಡನೆ ಮಾತಾಡಿ, 1942ರ ನಡುವಿನಿಂದ 1943ರ ಆರಂಭದವರೆಗೆ ಸದಸ್ಯನಾಗಿದ್ದೆ, ವಯಸ್ಸಿನ ಹುಮ್ಮಸ್ಸು ಮತ್ತು ಕಮ್ಯುನಿಸಂ ವಿರೋಧ ಅದಕ್ಕೆ ಕಾರಣ, ಆಮೇಲೆ ಆಸಕ್ತಿ ಹೋಯಿತು ಎಂದು ಒಪ್ಪಿಕೊಂಡರು. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಅದು ಕೆಲಸ ಮಾಡಿತು. ಮುಖ್ಯ ಚುನಾವಣೆಯ ಹೊತ್ತಿಗೆ ಎದುರು ಪಕ್ಷದವರು ಒಂದು ಪತ್ರವನ್ನು ಹೊರಗೆ ತಂದರು. ಅದು 1946ರಲ್ಲಿ ಸ್ವತಃ ಅವರೇ ಕ್ಲಾನಿನ ಅತ್ಯುನ್ನತ ನಾಯಕನಿಗೆ ಬರೆದದ್ದು. ಸಂಘಟನೆ ಎಂದಿಗಿಂತ ಇಂದು ಹೆಚ್ಚು ಅಗತ್ಯವಾಗಿದೆ, ತಮ್ಮ ರಾಜ್ಯದಲ್ಲಿ ಅದು ಮತ್ತೆ ಹುಟ್ಟುವುದನ್ನು ನೋಡುವ ಹಂಬಲವಿದೆ ಎಂಬ ಮಾತು ಅದರಲ್ಲಿತ್ತು. 1943ರಲ್ಲೇ ಬಿಟ್ಟೆನೆಂದವರ 1946ರ ಪತ್ರ! ಅವರದೇ ಪಕ್ಷದ ರಾಜ್ಯಪಾಲರು ಕಣದಿಂದ ಹಿಂದೆ ಸರಿಯುವಂತೆ ಕೇಳಿದರು. ಅವರು ಸರಿಯಲಿಲ್ಲ. ಗೆದ್ದೂ ಬಿಟ್ಟರು.

ಗೆಲುವೇ ಇಲ್ಲಿ ದಾರಿ ತಪ್ಪಿಸಿತು ಎಂಬುದು ನನ್ನ ಓದು. ಅಂದು ಸೋತಿದ್ದರೆ ಅರ್ಧ ಸತ್ಯದ ಬೆಲೆ ಅಂದೇ ತಿಳಿಯುತ್ತಿತ್ತು. ಗೆದ್ದದ್ದರಿಂದ ಎದುರಿನವರ ಕೈಯಲ್ಲಿ ಎಷ್ಟಿದೆಯೋ ಅಷ್ಟನ್ನು ಮಾತ್ರ ಒಪ್ಪಿಕೊಂಡರೆ ಸಾಕೆಂಬ ಪಾಠ ಮನಸ್ಸಿನಲ್ಲಿ ಕೂತಿತು. ಮುಂದಿನ ಐವತ್ತು ವರ್ಷಗಳಲ್ಲಿ ಒಂದೊಂದೇ ಕಾಗದ ಹೊರಬಂದಾಗಲೆಲ್ಲ ಒಪ್ಪಿಗೆಯೂ ಒಂದೊಂದು ಅಂಗುಲ ಮುಂದೆ ಸರಿಯಿತು. ಕರಿಯರ ಪಕ್ಕದಲ್ಲಿ ನಿಂತು ಸೇನೆಯಲ್ಲಿ ಎಂದಿಗೂ ಹೋರಾಡೆನೆಂದು, 1940ರ ದಶಕದ ಮಧ್ಯದಲ್ಲಿ ಮಿಸಿಸಿಪ್ಪಿಯ ಕಡು ಜನಾಂಗವಾದಿ ಸೆನೆಟರೊಬ್ಬರಿಗೆ ಅವರು ಬರೆದ ಇನ್ನೊಂದು ಪತ್ರವೂ ಅಂಥ ಕಾಗದಗಳಲ್ಲಿ ಒಂದು.

ಹದಿನಾಲ್ಕು ಗಂಟೆ ಹದಿಮೂರು ನಿಮಿಷ

1958ರಲ್ಲಿ ಸೆನೆಟಿಗೆ ಆರಿಸಿ ಬಂದ ಅವರನ್ನು ಆಗಿನ ಬಹುಮತ ಪಕ್ಷದ ನಾಯಕ ಲಿಂಡನ್ ಜಾನ್ಸನ್ ಹೊಸಬರಾಗಿದ್ದರೂ ಸರ್ಕಾರದ ಖರ್ಚಿಗೆ ಹಣ ಹಂಚುವ ಧನವಿನಿಯೋಗ ಸಮಿತಿಗೆ ಸೇರಿಸಿಕೊಂಡರು. 1961ರಿಂದ ರಾಜಧಾನಿ ವಾಷಿಂಗ್ಟನ್ ನಗರದ ವೆಚ್ಚ ನೋಡಿಕೊಳ್ಳುವ ಉಪಸಮಿತಿ ಅವರ ಕೈಗೆ ಬಂತು. ಕಪ್ಪು ಜನರೇ ಹೆಚ್ಚಿದ್ದ, ತನ್ನ ಮೇಯರನ್ನು ತಾನೇ ಆರಿಸಿಕೊಳ್ಳುವ ಹಕ್ಕೂ ಆಗ ಇಲ್ಲದಿದ್ದ ಆ ನಗರದಲ್ಲಿ ಅವರು ಸಹಾಯಧನ ಪಡೆಯುವ ಬಡ ಕುಟುಂಬಗಳ ಮೇಲೆ ಕಠಿಣ ತಪಾಸಣೆ ನಡೆಸಿದರು. ಇದೇ ವರ್ಷಗಳಲ್ಲಿ ಹಗಲು ಸದನ, ರಾತ್ರಿ ಕಾನೂನು ತರಗತಿ ಎಂದು ಹತ್ತು ವರ್ಷ ಓದಿ 1963ರ ಜೂನ್ 10ರಂದು ಅಮೆರಿಕನ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕಾನೂನು ಪದವಿ ಪಡೆದರು. ಅಧ್ಯಕ್ಷ ಜಾನ್ ಕೆನಡಿಯವರು ಅಂದಿನ ಅತಿಥಿ. ಓದಿನ ಹಸಿವು ಅವರಲ್ಲಿ ಕೊನೆಯವರೆಗೂ ಇತ್ತು. ಬಿ.ಎ. ಪದವಿ ಪಡೆದದ್ದು 1994ರಲ್ಲಿ!

ಆ ಘಟಿಕೋತ್ಸವದ ದಿನದಿಂದ ಸರಿಯಾಗಿ ಒಂದು ವರ್ಷಕ್ಕೆ, 1964ರ ಜೂನ್ 10ರಂದು, ಸೆನೆಟಿನಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೋಟೆಲು, ಶಾಲೆ, ಉದ್ಯೋಗಗಳಲ್ಲಿ ಜನಾಂಗಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ವಿಧೇಯಕ ಸದನದ ಮುಂದಿತ್ತು. ಸೆನೆಟಿನಲ್ಲಿ ಮಾತಿಗೆ ಮಿತಿಯಿಲ್ಲ. ಮಾತಾಡುತ್ತಲೇ ಇದ್ದು ಮಸೂದೆಯನ್ನು ಕೊಲ್ಲುವ ಫಿಲಿಬಸ್ಟರ್ ತಂತ್ರವನ್ನು ದಕ್ಷಿಣದ ಸದಸ್ಯರು ಅರವತ್ತು ಕೆಲಸದ ದಿನಗಳಷ್ಟು ಎಳೆದಿದ್ದರು. ಸೆನೆಟರ್ ಜೂನ್ 9ರ ಸಂಜೆ ಎದ್ದು ನಿಂತವರು ಮರುದಿನ ಬೆಳಗಿನ 9 ಗಂಟೆ 51 ನಿಮಿಷದವರೆಗೆ, 14 ಗಂಟೆ 13 ನಿಮಿಷ, ಮಸೂದೆಯ ವಿರುದ್ಧ ಮಾತಾಡಿದರು. ಅವರು ಕೂತ ಬಳಿಕ ಚರ್ಚೆಯನ್ನು ಮುಗಿಸುವ ನಿರ್ಣಯಕ್ಕೆ ಹೆಸರು ಕರೆದು ಮತ ಹಾಕಿಸಲಾಯಿತು. ಮೂರನೇ ಎರಡರಷ್ಟು ಬೇಕಿತ್ತು, ಎಂದರೆ 67 ಮತ. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಮಿದುಳಿನ ಗೆಡ್ಡೆಯಿಂದ ಅವರಿಗೆ ಮಾತು ನಿಂತಿತ್ತು. ಹೆಸರು ಕರೆದಾಗ ಬಾಯಿ ಬಾರದೆ, ನಿಧಾನವಾಗಿ ಕೈಯೆತ್ತಿ ತಮ್ಮ ಕಣ್ಣನ್ನು ತೋರಿಸಿದರು. ಇಂಗ್ಲಿಷಿನಲ್ಲಿ ‘ಕಣ್ಣು’ ಎಂಬುದಕ್ಕೂ ‘ಹೌದು’ ಎಂದು ಮತ ಹಾಕುವ ಪದಕ್ಕೂ ಉಚ್ಚಾರ ಒಂದೇ, ‘ಐ’. ಮತವನ್ನು ದಾಖಲಿಸಿಕೊಂಡರು. ಫಲಿತಾಂಶ 71–29. ನಾಗರಿಕ ಹಕ್ಕುಗಳ ಮಸೂದೆಯೊಂದರ ಮೇಲಿನ ಫಿಲಿಬಸ್ಟರ್ ಈ ರೀತಿ ಮುರಿದುಬಿದ್ದದ್ದು ಅದೇ ಮೊದಲು.

ಸೆನೆಟರ್ ಆ 29ರಲ್ಲಿ ಒಬ್ಬರು. ಮತದಾರರ ಒತ್ತಡವಿತ್ತು ಎಂಬ ಸಮಜಾಯಿಷಿ ಅವರ ವಿಷಯದಲ್ಲಿ ನಿಲ್ಲುವುದಿಲ್ಲ. ವೆಸ್ಟ್ ವರ್ಜೀನಿಯಾ ಅಂತರ್ಯುದ್ಧದ ನಡುವೆ, 1863ರಲ್ಲಿ, ಗುಲಾಮಗಿರಿಯ ಪರ ನಿಂತ ವರ್ಜೀನಿಯಾದಿಂದ ಒಡೆದು ಬಂದ ರಾಜ್ಯ. ಅಲ್ಲಿ ಕಪ್ಪು ಜನರು ನೂರಕ್ಕೆ ಐದರಷ್ಟು ಇದ್ದುದರಿಂದ ಪರವಾಗಿ ಮತ ಹಾಕಿದರೆ ದೊಡ್ಡ ಲಾಭವಿರಲಿಲ್ಲ, ಹಾಗೆಯೇ ದೊಡ್ಡ ನಷ್ಟವೂ ಇರಲಿಲ್ಲ. ಅದೇ ರಾಜ್ಯದ, ಅದೇ ಪಕ್ಷದ ಇನ್ನೊಬ್ಬ ಸೆನೆಟರ್ ಕಾಯ್ದೆಯ ಪರ ಮತ ಹಾಕಿದರು, ಅವರ ರಾಜಕೀಯ ಜೀವನ ಅದರಿಂದ ಕೆಡಲಿಲ್ಲ. ನಮ್ಮ ಸೆನೆಟರ್ ತಮ್ಮ ವಿರೋಧವನ್ನು ಸಂವಿಧಾನದ ಭಾಷೆಯಲ್ಲಿ, ಒಕ್ಕೂಟ ಸರ್ಕಾರದ ಅಧಿಕಾರದ ಮಿತಿಯ ಭಾಷೆಯಲ್ಲಿ ಮಂಡಿಸಿದರು. ಸಂವಿಧಾನದ ಬಗೆಗಿನ ಅವರ ಶ್ರದ್ಧೆ ನಟನೆಯಾಗಿರಲಿಲ್ಲ, ಜೇಬಿನಲ್ಲಿ ಸದಾ ಅದರ ಪುಟ್ಟ ಪ್ರತಿ ಇರುತ್ತಿತ್ತು. ಆದರೆ ಮರುವರ್ಷ ಮತದಾನದ ಹಕ್ಕಿನ ಕಾಯ್ದೆಗೂ ಅವರು ವಿರುದ್ಧವೇ ಮತ ಹಾಕಿದರು. ಮತದಾನದಲ್ಲಿ ಜನಾಂಗಭೇದ ಕೂಡದೆಂದು ಅವರ ಜೇಬಿನ ಪುಸ್ತಕದ ಹದಿನೈದನೇ ತಿದ್ದುಪಡಿಯೇ ಹೇಳುತ್ತದೆ. ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾಗಿ 1967ರಲ್ಲಿ ಥರ್ಗುಡ್ ಮಾರ್ಷಲ್ ಅವರ ಹೆಸರು ಬಂದಾಗಲೂ ವಿರೋಧಿಸಿದರು.

ಮಾಡಿ ನೋಡಿದ ದಾರಿಗಳು

ಅವರು ಹಿಡಿದ ಮೊದಲ ದಾರಿ ದುಡಿಮೆ. 1967ರಲ್ಲಿ ಸೆನೆಟಿನ ಡೆಮಾಕ್ರಟಿಕ್ ಸದಸ್ಯರ ಕಾರ್ಯದರ್ಶಿಯಾದರು. ಹೆಸರಿಗೆ ಸಣ್ಣ ಹುದ್ದೆ. ಅವರು ಅದನ್ನು ಹಿಡಿದುಕೊಂಡು ದಿನವಿಡೀ ಸದನದಲ್ಲಿ ಕೂತರು. ಯಾರ ತಿದ್ದುಪಡಿ ಯಾವಾಗ ಬರುತ್ತದೆ, ಯಾರು ಊರಿಗೆ ಹೋಗಬೇಕಾದ್ದರಿಂದ ಮತವನ್ನು ಸಂಜೆಗೆ ತಳ್ಳಬೇಕು, ಯಾರಿಗೆ ಐದು ನಿಮಿಷ ಮಾತಾಡುವ ಅವಕಾಶ ಬೇಕು, ಇಂಥ ಚಿಲ್ಲರೆ ಕೆಲಸಗಳನ್ನು ಮಾಡಿಕೊಟ್ಟು ಒಬ್ಬೊಬ್ಬರನ್ನೂ ಋಣಿಯಾಗಿಸಿದರು. ಸದನದ ನಿಯಮಾವಳಿಯನ್ನು ಬೈಬಲ್ಲಿನಷ್ಟೇ ಕಂಠಪಾಠ ಮಾಡಿದರು.

ಎರಡನೇ ತಿರುವು 1971ರ ಜನವರಿ 21ರಂದು. ಸಚೇತಕನ ಹುದ್ದೆಯಲ್ಲಿದ್ದ ಎಡ್ವರ್ಡ್ ಕೆನಡಿಯವರ ಎದುರು ನಿಲ್ಲಬೇಕೇ ಬೇಡವೇ ಎಂದು ಕೊನೆಯ ಗಳಿಗೆಯವರೆಗೂ ಅವರು ಬಾಯಿ ಬಿಡಲಿಲ್ಲ. ಜಾರ್ಜಿಯಾದ ರಿಚರ್ಡ್ ರಸೆಲ್ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿದ್ದರು, ತಮ್ಮ ಮತವನ್ನು ಸೆನೆಟರ್ ಪರವಾಗಿ ಬರೆದುಕೊಟ್ಟಿದ್ದರು. ರಸೆಲ್ ಇನ್ನೂ ಜೀವಂತವಾಗಿದ್ದಾರೆಂದು ವಿಚಾರಿಸಿ ಖಚಿತಪಡಿಸಿಕೊಂಡ ಮೇಲೆಯೇ ಅವರು ತಮ್ಮ ಹೆಸರನ್ನು ಸೂಚಿಸಲು ಬಿಟ್ಟರು. ಗೆದ್ದದ್ದು 31–24ರಿಂದ. ರಸೆಲ್ ಅದೇ ದಿನ ತೀರಿಕೊಂಡರು. 1964ರ ಫಿಲಿಬಸ್ಟರಿನ ಸೇನಾಪತಿ ಇದೇ ರಸೆಲ್. ಹೀಗೆ ನೋಡಿದರೆ 1964ರ ನಿಷ್ಠೆಗೆ ಸಂದ ಪ್ರತಿಫಲ ಈ ಹುದ್ದೆ ಎನ್ನಬೇಕು. ಆದರೆ ಹುದ್ದೆ ಕೈಗೆ ಬಂದ ಮೇಲೆ ಲೆಕ್ಕ ಬದಲಾಯಿತು. ಒಂದು ರಾಜ್ಯದ ಪ್ರತಿನಿಧಿಯಾಗಿದ್ದವರು ಈಗ ಇಡೀ ರಾಷ್ಟ್ರೀಯ ಪಕ್ಷದ ಮತಗಳನ್ನು ಎಣಿಸಿಕೊಡಬೇಕಿತ್ತು, ಆ ಪಕ್ಷದ ಬೆಂಬಲಿಗರಲ್ಲಿ ಕಪ್ಪು ಮತದಾರರು ದೊಡ್ಡ ಪಾಲು. 1977ರಲ್ಲಿ ಅವರು ಬಹುಮತ ಪಕ್ಷದ ನಾಯಕರೇ ಆದರು. 1968ರ ಮಾರ್ಚ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಸದನದಲ್ಲೇ ಕಟುವಾಗಿ ನಿಂದಿಸಿದ್ದ ಅದೇ ವ್ಯಕ್ತಿ 1983ರಲ್ಲಿ ಕಿಂಗ್ ಜನ್ಮದಿನವನ್ನು ರಾಷ್ಟ್ರೀಯ ರಜೆಯಾಗಿಸುವ ಮಸೂದೆಗೆ ಪರವಾಗಿ ಮತ ಹಾಕಿದರು.

ಇದನ್ನು ಬರೀ ಅವಕಾಶವಾದವೆಂದು ತಳ್ಳಿಹಾಕುವುದು ಸುಲಭ. ಅವರು ಮಾತ್ರ ಬೇರೊಂದು ಕಾರಣವನ್ನೂ ಹೇಳುತ್ತಿದ್ದರು. 1982ರಲ್ಲಿ ಅವರ ಹದಿಹರೆಯದ ಮೊಮ್ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. ತಾನು ಈ ಮೊಮ್ಮಗನನ್ನು ಪ್ರೀತಿಸಿದಷ್ಟೇ ಕಪ್ಪು ಜನರೂ ತಮ್ಮ ಮೊಮ್ಮಕ್ಕಳನ್ನು ಪ್ರೀತಿಸುತ್ತಾರಲ್ಲವೇ ಎಂಬ ಯೋಚನೆ ಆಗ ಬಂತೆಂದು ಅವರು ಹೇಳಿಕೊಂಡಿದ್ದಾರೆ. ಅರವತ್ತು ದಾಟಿದ ಮನುಷ್ಯನಿಗೆ ಆಗ ಹೊಳೆಯಬೇಕಾದ ಮಾತೇ ಇದು ಎಂದು ಓದುಗರಿಗೆ ಅನಿಸಿದರೆ ನನಗೂ ಹಾಗೆಯೇ ಅನಿಸಿದೆ. ಆದರೂ ಆ ಮಾತು ಸುಳ್ಳೆಂದು ನಂಬಲು ನನ್ನ ಬಳಿ ಕಾರಣವಿಲ್ಲ. ಮನಸ್ಸಿನ ಬದಲಾವಣೆಗೂ ಹುದ್ದೆಯ ಅಗತ್ಯಕ್ಕೂ ಗೆರೆ ಕೊಯ್ದು ಬೇರ್ಪಡಿಸಲು ಹೊರಗಿನವರಿಂದ ಆಗುವುದಿಲ್ಲ. ಬಹುಶಃ ಒಳಗಿದ್ದವರಿಂದಲೂ ಆಗಿರಲಿಲ್ಲ.

ಅವರು ಹಿಡಿದ ಇನ್ನೊಂದು ದಾರಿ ಹಣ. 1989ರಲ್ಲಿ ಪಕ್ಷದ ನಾಯಕತ್ವ ಬಿಟ್ಟು ಧನವಿನಿಯೋಗ ಸಮಿತಿಯ ಅಧ್ಯಕ್ಷತೆಯನ್ನು ಆರಿಸಿಕೊಂಡರು. ಪದವಿಯ ಮೆಟ್ಟಿಲು ಇಳಿದಂತೆ ಕಂಡರೂ, ನನ್ನ ದೃಷ್ಟಿಯಲ್ಲಿ ಅವರ ಇಡೀ ಬದುಕಿನ ಅತ್ಯಂತ ಚತುರ ನಿರ್ಧಾರ ಅದು. ಐದು ವರ್ಷದಲ್ಲಿ ನೂರು ಕೋಟಿ ಡಾಲರನ್ನು ತಮ್ಮ ರಾಜ್ಯಕ್ಕೆ ತರುವ ಮಾತು ಕೊಟ್ಟು ಎರಡೇ ವರ್ಷದಲ್ಲಿ ಆ ಗುರಿ ದಾಟಿದರು. ಬೆಟ್ಟಗಳ ನಡುವೆ ಹೆದ್ದಾರಿಗಳು ಬಂದವು. ಎಫ್‌ಬಿಐನ ಬೆರಳಚ್ಚು ಕೇಂದ್ರ ವಾಷಿಂಗ್ಟನ್‌ನಿಂದ ಕ್ಲಾರ್ಕ್ಸ್‌ಬರ್ಗ್‌ಗೆ ಬಂತು. ಗ್ರೀನ್ ಬ್ಯಾಂಕಿನಲ್ಲಿದ್ದ 300 ಅಡಿಯ ರೇಡಿಯೊ ದೂರದರ್ಶಕ 1988ರ ನವೆಂಬರ್ 15ರ ರಾತ್ರಿ ಇದ್ದಕ್ಕಿದ್ದಂತೆ ಕುಸಿದು ಕಬ್ಬಿಣದ ರಾಶಿಯಾದಾಗ, ಹೊಸದಕ್ಕೆ ಹಣ ಕೊಡಿಸಿದವರು ಇವರೇ. 2000ದಲ್ಲಿ ಉದ್ಘಾಟನೆಯಾದ, ನೂರು ಮೀಟರಿಗಿಂತ ಅಗಲದ ಬುಟ್ಟಿಯುಳ್ಳ ಆ ದೂರದರ್ಶಕಕ್ಕೂ ಇವರ ಹೆಸರೇ. ರಸ್ತೆ, ಸೇತುವೆ, ಕೋರ್ಟು, ಆಸ್ಪತ್ರೆ, ಶಾಲೆ ಹೀಗೆ ಬದುಕಿದ್ದಾಗಲೇ ಅವರ ಹೆಸರು ಹೊತ್ತ ಕಟ್ಟಡಗಳು ರಾಜ್ಯದ ಉದ್ದಗಲಕ್ಕೂ ಎದ್ದವು. ಬೊಕ್ಕಸವನ್ನು ಸ್ವಂತ ರಾಜ್ಯಕ್ಕೆ ಸುರಿಯುತ್ತಾರೆಂದು ಹೊರಗಿನವರು ಎಷ್ಟೇ ಗೇಲಿ ಮಾಡಿದರೂ ಊರಿನ ಜನಕ್ಕೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಹಣ ಬಂದು ಎರಡು ದಶಕವಾದರೂ ವೆಸ್ಟ್ ವರ್ಜೀನಿಯಾ ದೇಶದ ಬಡ ರಾಜ್ಯಗಳಲ್ಲೊಂದಾಗಿಯೇ ಉಳಿಯಿತು ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಹಣದ ಈ ಅಧಿಕಾರವನ್ನು ಅವರು ಸ್ವಂತ ರಾಜ್ಯಕ್ಕಾಗಿ ಮಾತ್ರ ಕಾಯಲಿಲ್ಲ. ಬಜೆಟ್ಟಿನ ಸಾಲುಗಳನ್ನು ಬಿಡಿಬಿಡಿಯಾಗಿ ಹೊಡೆದುಹಾಕುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟ 1996ರ ಕಾಯ್ದೆಯನ್ನು ಅವರು ಕೋರ್ಟಿನಲ್ಲಿ ಪ್ರಶ್ನಿಸಿದರು. ದಾವೆ ಹೂಡುವ ಹಕ್ಕು ಶಾಸಕರಿಗಿಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಅದನ್ನು ಹಿಂದೆ ಕಳಿಸಿದರೂ ಮರುವರ್ಷ ಬೇರೆಯವರ ದಾವೆಯಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿತು. 2002ರ ಅಕ್ಟೋಬರ್‌ನಲ್ಲಿ ಇರಾಕ್ ಮೇಲೆ ಯುದ್ಧದ ಅಧಿಕಾರವನ್ನು 77–23 ಮತಗಳಿಂದ ಸೆನೆಟ್ ಒಪ್ಪಿದಾಗ ವಿರೋಧಿ ಗುಂಪಿನ ಮುಂಚೂಣಿಯಲ್ಲಿದ್ದ ಎಂಬತ್ನಾಲ್ಕರ ವೃದ್ಧ ಇವರು. ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿಕೊಟ್ಟ 1964ರ ಟೊಂಕಿನ್ ಕೊಲ್ಲಿ ನಿರ್ಣಯಕ್ಕೆ ತಾನೂ ಮತ ಹಾಕಿದ್ದೆ, ಅದಕ್ಕಾಗಿ ಪಶ್ಚಾತ್ತಾಪವಿದೆ ಎಂದು ಬಹಿರಂಗವಾಗಿ ನೆನಪಿಸಿದರು. ಅರಬ್ ದೇಶದ ಮೇಲಿನ ಯುದ್ಧವನ್ನು ಪ್ರತಿಭಟಿಸುತ್ತಿದ್ದ ಎಳೆಯರಿಗೆ ಅವರು ಹೀರೊ ಆದರು. ಅವರಲ್ಲಿ ಅನೇಕರಿಗೆ ಕ್ಲಾನಿನ ಕಥೆ ಗೊತ್ತಿದ್ದಂತಿರಲಿಲ್ಲ.

ಕ್ಷಮೆಯ ಭಾಷೆ

ಈ ಪ್ರಕರಣದಲ್ಲಿ ನನ್ನ ಗಮನವನ್ನು ಹೆಚ್ಚು ಹಿಡಿದದ್ದು ಅವರ ಒಪ್ಪಿಗೆಯ ಭಾಷೆ ದಶಕದಿಂದ ದಶಕಕ್ಕೆ ಬದಲಾದ ಬಗೆ. 1952ರಲ್ಲಿ ಅದು ಹುಡುಗಾಟ. ಎಷ್ಟೋ ವರ್ಷ ಕಳೆದು, 1990ರ ದಶಕದಲ್ಲಿ ರಾಜಕೀಯಕ್ಕೆ ಬರುವ ಯುವಕರಿಗೆ ಬುದ್ಧಿ ಹೇಳುವಾಗ, ಕ್ಲಾನಿನ ಹತ್ತಿರ ಹೋಗಬೇಡಿ, ಆ ಭಾರವನ್ನು ಕೊರಳಿಗೆ ಕಟ್ಟಿಕೊಂಡರೆ ರಾಜಕೀಯದಲ್ಲಿ ಕೈಕಾಲು ಆಡಿಸಲಾಗದು ಎಂಬ ಅರ್ಥದ ಮಾತಾಡಿದರು. ಗಮನಿಸಿ, ಅಲ್ಲಿ ನಷ್ಟವಾದದ್ದು ಹೇಳುವವರಿಗೆ. ಕ್ಲಾನಿಗೆ ಹೆದರಿ ಬದುಕಿದವರ ಸುದ್ದಿ ಆ ಮಾತಿನಲ್ಲಿ ಇಲ್ಲ. 2001ರ ಮಾರ್ಚ್‌ನಲ್ಲಿ ಟಿವಿ ಸಂದರ್ಶನವೊಂದರಲ್ಲಿ, ಜನಾಂಗದ ಸಮಸ್ಯೆ ಬಹುಮಟ್ಟಿಗೆ ಹಿಂದೆ ಸರಿದಿದೆ ಎಂದು ಹೇಳುತ್ತಿರುವಾಗಲೇ, ಕಪ್ಪು ಜನರನ್ನು ಹೀಗಳೆಯುವ ಪದವನ್ನು ಬಿಳಿಯರಿಗೆ ಅಂಟಿಸಿ ಎರಡೆರಡು ಬಾರಿ ಬಳಸಿದರು. ಗದ್ದಲವೆದ್ದಾಗ ಅಂದೇ ಕ್ಷಮೆ ಕೇಳಿದರು. ಬದಲಾವಣೆ ನೇರ ರಸ್ತೆಯಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2005ರಲ್ಲಿ ಆತ್ಮಕಥೆ ಬಂದಾಗಷ್ಟೇ ‘ನಾನು ತಪ್ಪು ಮಾಡಿದೆ’ ಎಂಬ ಮಾತು ಷರತ್ತಿಲ್ಲದೆ ಬಂತು. ಸಾವಿರ ಸಲ ಕ್ಷಮೆ ಕೇಳಿದ್ದೇನೆ, ಮತ್ತೆ ಮತ್ತೆ ಕೇಳಲು ಬೇಸರವಿಲ್ಲ, ಆದದ್ದನ್ನು ಅಳಿಸಲಾರೆ ಎಂದರು. 1964ರ ಮತವನ್ನು ತಾನು ಅತಿ ಹೆಚ್ಚು ವಿಷಾದಿಸುವ ಮತವೆಂದು ಕರೆದರು. ಆ ಪುಸ್ತಕದಲ್ಲೂ ಕ್ಲಾನಿನ ಸ್ಥಳೀಯ ಸದಸ್ಯರನ್ನು ಊರಿನ ಗಣ್ಯರ ಕೂಟವೆಂಬಂತೆ ಚಿತ್ರಿಸಿ ವಿಷಯವನ್ನು ಹಗುರ ಮಾಡಿದರೆಂದು ಟೀಕೆ ಬಂದದ್ದೂ ನಿಜ. ಆದರೆ ಒಪ್ಪಿಕೊಳ್ಳಲು ಇನ್ನೇನೂ ಬಾಕಿಯಿಲ್ಲವೆಂಬ ಹಂತಕ್ಕೆ ಬಂದ ಮೇಲೆ ಅವರ ನಡೆಯಲ್ಲಿ ಒಂದು ಬಿಡುಬೀಸು ಕಾಣಿಸಿತು. 2008ರ ಮೇ 13ರಂದು ವೆಸ್ಟ್ ವರ್ಜೀನಿಯಾದ ಪ್ರಾಥಮಿಕ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಅವರು ಬರಾಕ್ ಒಬಾಮರನ್ನು ನಲವತ್ತು ಶೇಕಡಾಂಶಗಳ ಅಂತರದಲ್ಲಿ ಸೋಲಿಸಿದರು. ಒಂದೇ ವಾರದೊಳಗೆ ಸೆನೆಟರ್ ತಮ್ಮ ಬೆಂಬಲ ಒಬಾಮರಿಗೆ ಎಂದು ಸಾರಿದರು. ಊರಿನ ಮತದಾರರ ಮನಸ್ಸಿಗೆ ವಿರುದ್ಧವಾಗಿ, ಅದೂ ಈ ವಿಷಯದಲ್ಲಿ, ಅವರು ನಿಂತದ್ದು ಎದ್ದು ಕಾಣುವಂಥದ್ದು.

ಕಲ್ಲಿದ್ದಲಿನ ವಿಷಯದಲ್ಲೂ ಹಾಗೆಯೇ ಆಯಿತು. 1997ರಲ್ಲಿ ಕ್ಯೋಟೋ ಹವಾಮಾನ ಒಪ್ಪಂದಕ್ಕೆ ಅಡ್ಡಗಾಲಾದ ನಿರ್ಣಯ 95–0ರಿಂದ ಸೆನೆಟಿನಲ್ಲಿ ಅಂಗೀಕಾರವಾದಾಗ ಅದರ ಇಬ್ಬರು ಕರ್ತೃಗಳಲ್ಲಿ ಇವರೊಬ್ಬರು. ಹನ್ನೆರಡು ವರ್ಷ ಕಳೆದು, 2009ರ ಡಿಸೆಂಬರ್‌ನಲ್ಲಿ, ಕಲ್ಲಿದ್ದಲು ಉದ್ಯಮ ಬದಲಾವಣೆಯನ್ನು ಎದುರಿಸಲೇಬೇಕು, ಭಯ ಹುಟ್ಟಿಸುವುದರಿಂದ ಗಣಿಯವರಿಗೆ ಪ್ರಯೋಜನವಿಲ್ಲ ಎಂದು ತಮ್ಮ ರಾಜ್ಯದ ಜನರಿಗೇ ಬರೆದು ತಿಳಿಸಿದರು. ಬೇರೆ ಯಾರೇ ಹೇಳಿದ್ದರೂ ಊರು ಬಿಡಬೇಕಾಗುತ್ತಿತ್ತೇನೋ. 2010ರ ಏಪ್ರಿಲ್ 5ರಂದು, ಅವರು ಬೆಳೆದ ರ‍್ಯಾಲಿ ಕೌಂಟಿಯಲ್ಲೇ, ಅಪ್ಪರ್ ಬಿಗ್ ಬ್ರಾಂಚ್ ಗಣಿ ಸ್ಫೋಟಗೊಂಡು 29 ಮಂದಿ ಸತ್ತರು.

ಫಲಿತಾಂಶ

ಒಂಬತ್ತು ಬಾರಿ ಸೆನೆಟಿಗೆ ನಿಂತು ಒಂಬತ್ತು ಬಾರಿಯೂ ಗೆದ್ದರು. 1976ರಲ್ಲಿ ಎದುರಾಳಿಯೇ ಇರಲಿಲ್ಲ. ಕೊನೆಯ ಸಲ, 2006ರಲ್ಲಿ, ಅವರ ವಯಸ್ಸು 88. ಹದಿನೆಂಟು ಸಾವಿರಕ್ಕೂ ಹೆಚ್ಚು ಬಾರಿ ಮತ ಹಾಕಿದ್ದರು. ಹಾಗಾದರೆ ಹಳೆಯ ಪತ್ರ ಅವರನ್ನು ಏನೂ ಮಾಡಲಿಲ್ಲವೇ ಎಂದು ಕೇಳಬಹುದು. ರಾಜ್ಯದೊಳಗೆ ಮಾಡಲಿಲ್ಲ. ಆದರೆ ಅವರ ಬಗ್ಗೆ ಬರೆದ ಪ್ರತಿಯೊಂದು ಪರಿಚಯದಲ್ಲಿ, ಕೊನೆಗೆ ಮರಣವಾರ್ತೆಯಲ್ಲೂ, ಕ್ಲಾನ್ ಎಂಬ ಪದ ತಪ್ಪದೆ ಬಂತು. ಸದನದ ಸಹೋದ್ಯೋಗಿಗಳು ಅವರ ನಿಯಮಜ್ಞಾನಕ್ಕೆ ತಲೆಬಾಗಿದರು, ಮತದಾರರು ಅವರು ತಂದ ಹಣಕ್ಕೆ ಋಣಿಯಾದರು. ಹಳೆಯ ಪತ್ರದ ವಿಷಯ ಬಂದಾಗ ಇವೆರಡೂ ಉಪಯೋಗಕ್ಕೆ ಬರಲಿಲ್ಲ. ಅಲ್ಲಿ ಉಪಯೋಗಕ್ಕೆ ಬಂದದ್ದು ಮತಗಳ ದಾಖಲೆ ಮತ್ತು ಷರತ್ತಿಲ್ಲದ ಒಪ್ಪಿಗೆ. ಅವೆರಡೂ ಅವರ ಕೈಯಲ್ಲಿ 1952ರಿಂದಲೂ ಇದ್ದವು. ಇಂಥದ್ದೇ ಭಾರವನ್ನು ಹೊತ್ತು ಸಾರ್ವಜನಿಕ ಜೀವನದಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರು ನೋಡಬೇಕಾದದ್ದು 2005ರ ಪುಸ್ತಕವನ್ನಲ್ಲ, 1952ರ ರೇಡಿಯೊ ಭಾಷಣವನ್ನು. ಅಂದು ಇಸವಿಯನ್ನು ಸರಿಯಾಗಿ ಹೇಳಿಬಿಟ್ಟಿದ್ದರೆ ಆ ಪತ್ರ ಎದುರಾಳಿಯ ಕೈಯಲ್ಲಿ ಬರೀ ಕಾಗದವಾಗಿರುತ್ತಿತ್ತು.

2009ರ ಡಿಸೆಂಬರ್ 24ರ ಬೆಳಗಿನ ಜಾವ ಆರೋಗ್ಯ ವಿಮೆಯ ಮಸೂದೆಗೆ ಮತ ಹಾಕಲು ತೊಂಬತ್ತೆರಡು ವರ್ಷದ ಸೆನೆಟರನ್ನು ಗಾಲಿಕುರ್ಚಿಯಲ್ಲಿ ಸದನಕ್ಕೆ ತಂದರು. ಅವರು 1971ರಲ್ಲಿ ಸೋಲಿಸಿದ್ದ ಎಡ್ವರ್ಡ್ ಕೆನಡಿ ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು, ಇಬ್ಬರೂ ಅಷ್ಟರಲ್ಲಿ ಆಪ್ತ ಗೆಳೆಯರಾಗಿದ್ದರು. ಹೆಸರು ಕರೆದಾಗ, ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ ಎಂದು ಕೂಗಿ ‘ಐ’ ಎಂದರು. ಎಂಗಲ್ ಕಣ್ಣು ತೋರಿಸಿದ ಸದನವೇ ಅದು.

2010ರ ಜೂನ್ 28ರಂದು ಅವರು ನಿಧನರಾದರು. ಕಪ್ಪು ಜನರ ಹಕ್ಕುಗಳಿಗಾಗಿ 1909ರಿಂದ ಹೋರಾಡುತ್ತಿರುವ ಎನ್‌ಎಎಸಿಪಿ ಸಂತಾಪ ಸೂಚಿಸಿತು. ಶವಪೆಟ್ಟಿಗೆಯನ್ನು ಸೆನೆಟ್ ಸಭಾಂಗಣದೊಳಗೇ ಇಟ್ಟು ಗೌರವ ಸಲ್ಲಿಸಿದರು. ಆಮೇಲೆ ಚಾರ್ಲ್‌ಸ್ಟನ್‌ನಲ್ಲಿ, ರಾಜ್ಯದ ಶಾಸನ ಭವನದ ಮುಂದೆ, ಶ್ರದ್ಧಾಂಜಲಿ ಸಭೆ ನಡೆಯಿತು. ಅಧ್ಯಕ್ಷ ಒಬಾಮ ಬಂದು ಮಾತಾಡಿದರು. ಅಂದು ಜುಲೈ 2. ನಲವತ್ತಾರು ವರ್ಷಗಳ ಹಿಂದೆ, ಆಗ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ ತಾರೀಖು.